ಮೂರೂರ ಕಲ್ಲಿನ ಜಾಗ

ಭೀಮಶಾನ ಬಲಗಣ್ಣಿನ ಪೊರೆಯನ್ನು ಎಳ್ಳಮಾವಾಸ್ಯೆಗೆ ಮುಂಚೆ ತೆಗೆದರು, ಎಡಗಣ್ಣಿನದನ್ನು ಸಂಕ್ರಾಂತಿ ಮುಗಿದ ಮೇಲೆ. ಎರಡೂ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ, ಸೊಸೆ ಸಂಘಮಿತ್ರಾ ನರ್ಸ್ ಆಗಿದ್ದ ಕಡೆಯೇ ಆಯಿತು. ಬಗ್ಗಬಾರದು, ಭಾರ ಎತ್ತಬಾರದು, ಧೂಳಿಗೆ ಹೋಗಬಾರದು, ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕು ಎಂದು ಡಾಕ್ಟರು ಹೇಳಿದ್ದರಿಂದ ಗಂಡ ಹೆಂಡತಿ ಕಮಲಾಪುರದ ಮನೆಗೆ ಬೀಗ ಹಾಕಿ ಕಲಬುರಗಿಗೆ, ಜೇವರ್ಗಿ ಕಾಲೋನಿಯಲ್ಲಿದ್ದ ಮಗ ಗೌತಮನ ಬಾಡಿಗೆ ಮನೆಗೆ ಬಂದರು.

ಬಂಡೆಮ್ಮನಿಗೆ ಆ ಮನೆಯಲ್ಲಿ ಕೈಗೆ ಕೆಲಸ ಕಡಿಮೆ, ಬಾಯಿಗೆ ಅದಕ್ಕಿಂತ ಕಡಿಮೆ. ಸೊಸೆ ಡ್ಯೂಟಿಗೆ ಹೋದರೆ ಮಾತಾಡಲು ಜನವಿಲ್ಲ. ಐದು ಗಂಟೆಗೇ ಎದ್ದು ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಕೆಳಗೆ ಮಾಲೀಕರು ಮಲಗಿರುತ್ತಾರೆ, ಸ್ವಲ್ಪ ಮೆತ್ತಗೆ ಬಡಿ ಎಂದು ಗೌತಮ ಎರಡು ಸಲ ಹೇಳಿದ.

"ಅವರು ಮಲಗಿದ್ರ ರೊಟ್ಟಿನೂ ಮಲಗಬೇಕೇನು?" ಎಂದಳು ಬಂಡೆಮ್ಮ.

ಮೂರನೆಯ ದಿನ ಸಂಘಮಿತ್ರಾ ಒಂದು ಹಳೆಯ ದುಪ್ಪಟಿ ಮಡಚಿ ರೊಟ್ಟಿ ಬಡಿಯುವ ಕಲ್ಲಿನ ಕೆಳಗೆ ಹಾಸಿದಳು. ಸದ್ದೂ ಕಡಿಮೆಯಾಯಿತು, ರೊಟ್ಟಿಯೂ ನಿಲ್ಲಲಿಲ್ಲ. ಆ ಸೊಸೆಯ ಬಗ್ಗೆ ಬಂಡೆಮ್ಮನಿಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿತ್ತು. ಕಡಿಮೆ ಮಾತಿನವಳು, ಕೆಲಸಕ್ಕೆ ದಾರಿ ಹುಡುಕುವವಳು.

ಫೆಬ್ರವರಿ ಮೊದಲ ವಾರ ತಹಶೀಲ್ ಕಚೇರಿಯ ನೋಟೀಸು ಬಂತು. ಕಮಲಾಪುರದ ಮನೆಯ ಬಾಗಿಲಿಗೆ ಅಂಟಿಸಿ ಹೋಗಿದ್ದನ್ನು ಪಕ್ಕದ ಮನೆಯವರು ಫೋಟೋ ತೆಗೆದು ಗೌತಮನ ಫೋನಿಗೆ ಕಳಿಸಿದ್ದರು. ಮರಡಿಯಲ್ಲಿ ಮುರುಮ ಎಂಬ ಗರಸು ಮಣ್ಣಿನ ಗಣಿಗೆ ಗುತ್ತಿಗೆ ಕೇಳಿದ್ದಾರೆ. ಗುತ್ತಿಗೆಯ ಜಮೀನು ಎಲ್ಲಿಯವರೆಗೆ, ಊರ ದನ ಮೇಯುವ ಗಾಯರಾಣ ಎಲ್ಲಿಂದ ಎಂದು ಜಂಟಿ ಸರ್ವೆ ನಡೆಯುತ್ತದೆ. ಮೂರೂರ ಕಲ್ಲನ್ನು ತೋರಿಸಲು ಸೀಮೆ ಕಾಯುವ ಮನೆತನದ ಭೀಮಶಾ ಇಪ್ಪತ್ತೆರಡನೆಯ ತಾರೀಖು ಹಾಜರಿರಬೇಕು.

ಆ ಮರಡಿ ಕಮಲಾಪುರದ ಮೂಡಣಕ್ಕಿದೆ. ಕೆಂಪು ಮಣ್ಣಿನ, ಕುರುಚಲು ಗಿಡಗಳ ಸಪಾಟು ದಿಬ್ಬ. ಮೂರು ಊರಿನ ಸೀಮೆಗಳು ಕೂಡುವಲ್ಲಿ ಸೊಂಟದೆತ್ತರದ ಕರಿಕಲ್ಲೊಂದು ನಿಂತಿದೆ. ಮರಡಿಯ ಬುಡದಲ್ಲಿ ಝರಿ. ಮೇಲಿನ ಮುರುಮ ಮಳೆಗಾಲದ ನೀರನ್ನೆಲ್ಲ ಕುಡಿದಿಟ್ಟುಕೊಂಡು ಬೇಸಿಗೆಯುದ್ದಕ್ಕೂ ಹನಿ ಹನಿಯಾಗಿ ಬಿಡುತ್ತದೆ. ಮೇ ತಿಂಗಳಲ್ಲಿ ಊರಿನ ಕೊಳವೆಬಾವಿಗಳು ಗಾಳಿ ಉಗುಳುವಾಗಲೂ ಝರಿ ನಿಂತದ್ದಿಲ್ಲ. ಮೂರೂರ ದನಕರು ಅಲ್ಲಿ ಕುಡಿಯುತ್ತವೆ. ಕೆಳಗಿನ ಕೆಂಪು ಬಾಳೆಯ ತೋಟಗಳು ಅದರ ಹಸಿಯ ಮೇಲೆ ನಿಂತಿವೆ. ಮುರುಮ ತೆಗೆದರೆ ನೀರು ನಿಲ್ಲಲು ಜಾಗವಿಲ್ಲ ಎನ್ನುವುದಕ್ಕೆ ಯಾರೂ ಓದಿ ಬರಬೇಕಾಗಿಲ್ಲ.

ಸೀಮೆಯ ತಕರಾರು ಬಂದಾಗ ಈ ಮನೆತನದ ಗಂಡಸು ತಲೆಯ ಮೇಲೆ ಒಂದು ಬುಟ್ಟಿ ಮಣ್ಣು ಹೊತ್ತು ನಡೆಯಬೇಕು, ಅವನು ನಡೆದದ್ದೇ ಸೀಮೆ. ಮಣ್ಣು ಹೊತ್ತು ಸುಳ್ಳು ನಡೆದರೆ ವಂಶ ನಿಲ್ಲುವುದಿಲ್ಲ ಎಂಬುದು ಊರಿನ ನಂಬಿಕೆ. ಭೀಮಶಾನ ಅಪ್ಪ ಎರಡು ಸಲ ಹಾಗೆ ನಡೆದಿದ್ದ. ಭೀಮಶಾ ಬೌದ್ಧನಾದ ಮೇಲೆ ಕಲ್ಲಿಗೆ ಕುಂಕುಮ, ಕಾಯಿ ಎಲ್ಲ ಬಿಟ್ಟ. ಆದರೆ ವರ್ಷಕ್ಕೊಮ್ಮೆ ಎಳ್ಳಮಾವಾಸ್ಯೆಯ ದಿನ ಸುಣ್ಣ ಹಚ್ಚುವುದನ್ನು ಬಿಡಲಿಲ್ಲ. ದೇವರೆಂದು ಅಲ್ಲ, ದೂರದಿಂದ ಕಾಣಲಿ ಎಂದು, ಎನ್ನುತ್ತಿದ್ದ.

ಗೌತಮನಿಗೆ ಇದು ಸುತಾರಾಂ ಸೇರದು. ಅವನು ವಿಮಾ ಕಚೇರಿಯಲ್ಲಿ ಗುಮಾಸ್ತ. ನೋಟೀಸನ್ನು ಅಪ್ಪನಿಗೆ ಓದಿ ಹೇಳಿ ಫೋನು ಜೇಬಿಗೆ ಹಾಕಿ, ಹೋಗಬೇಡ ಎಂದ.

"ಕಣ್ಣಿನ ಗಾಯ ಇನ್ನ ಮಾಸಿಲ್ಲ ಅಂತ ಬರದು ಕೊಡೋಣು. ಅಪ್ಪಾ, ಅದು ಮಾನ ಅಲ್ಲ, ಬಿಟ್ಟಿ ಚಾಕರಿ. ಝರಿ ಕಾಯಾಕ ನಮ್ಮ ಮುತ್ಯಾ ಬೇಕು, ಝರಿ ನೀರು ಮುಟ್ಟಾಕ ನಮ್ಮ ಆಯಿ ಬ್ಯಾಡ. ಹರಿದು ಹೊರಬಿದ್ದ ನೀರು ಆಕಿ ತುಂಬ್ಕೋಬೇಕಿತ್ತು. ನೀನೇ ಹೇಳಿದ್ದು."

"ಹೇಳೀನಿ," ಎಂದ ಭೀಮಶಾ. ಕರಿ ಕನ್ನಡಕದ ಹಿಂದೆ ಅವನ ಮುಖ ಕಾಣುತ್ತಿರಲಿಲ್ಲ. "ಕಾಯಾಕ ಹಚ್ಚಿದವರು ಸತ್ತಾರ. ಝರಿ ಸತ್ತಿಲ್ಲ."

ಆ ವಾರದಲ್ಲೇ ಗುತ್ತಿಗೆದಾರರ ಕಡೆಯ ಮೌನೇಶ ಮನೆಗೆ ಬಂದ. ಒಂದು ಬುಟ್ಟಿ ಸೇಬು ತಂದಿದ್ದ. ಕಣ್ಣಿನ ಯೋಗಕ್ಷೇಮ ಕೇಳಿದ, ಸಂಘಮಿತ್ರಾ ಕೊಟ್ಟ ಚಹಾ ಕುಡಿದ. ಬಂಡೆಮ್ಮ ಅಡುಗೆಮನೆಯ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಅವನು ಲಂಚದ ಮಾತೆತ್ತಿದರೆ ಬೈದು ಕಳಿಸಬೇಕೆಂದು ಭೀಮಶಾ ನೆಟ್ಟಗೆ ಕೂತಿದ್ದ. ಮೌನೇಶ ಆ ಮಾತೇ ಎತ್ತಲಿಲ್ಲ.

"ಕಾಕಾ, ನೀವು ಸುಳ್ಳು ಹೇಳ್ರಿ ಅಂತ ನಾ ಅನ್ನಂಗಿಲ್ಲ. ಕಲ್ಲು ಎಲ್ಲದ, ಅಲ್ಲೇ ಅದ ಅಂತ ತೋರಸ್ರಿ. ಅಷ್ಟ ಸಾಕು ನಮಗ."

ಅವನು ಹೋದ ಮೇಲೆ, ಇವರಿಗೆ ಇಷ್ಟು ಧೈರ್ಯ ಹೇಗೆ ಎಂದು ಭೀಮಶಾ ಅಚ್ಚರಿಪಟ್ಟ. ಕಲ್ಲು ತೋರಿಸಿದರೆ ಝರಿ ಊರ ಕಡೆಗೇ ಬರುತ್ತದಲ್ಲ? ಬಂಡೆಮ್ಮ ಸುಲಿದ ಬೆಳ್ಳುಳ್ಳಿಯನ್ನು ಸಿಪ್ಪೆಯ ತಟ್ಟೆಗೂ ಸಿಪ್ಪೆಯನ್ನು ಒರಳಿಗೂ ಹಾಕಿದ್ದಳು. ಸಂಘಮಿತ್ರಾ ಅದನ್ನು ಕಂಡು ಸುಮ್ಮನೆ ಬೇರೆ ಮಾಡಿಟ್ಟಳು.

ಗೌತಮ ಎಷ್ಟೇ ಬೇಡವೆಂದರೂ ಸುಮ್ಮನಿರುವವನಲ್ಲ. ಶನಿವಾರ ಕಮಲಾಪುರಕ್ಕೆ ಬೈಕಿನಲ್ಲಿ ಹೋಗಿ ಸರ್ವೇಯರ್ ಇಮಾಮುದ್ದೀನರನ್ನು ಕಂಡು ಹಳೆಯ ಅಳತೆಯ ಟಿಪ್ಪಣಿಯ ನಕಲು ತಂದ. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅಪ್ಪನಿಗೆ ಕಾಗದ ಕಾಣುವುದಿಲ್ಲವೆಂದು ತಟ್ಟೆಯಲ್ಲೇ ತೋರಿಸಿದ. ಒಂದು ಉಳ್ಳಾಗಡ್ಡಿ ಚೂರು ಮೂರೂರ ಕಲ್ಲು. ರೊಟ್ಟಿಯ ಅಂಚು ಸೀಮೆಯ ಗೆರೆ. ಅಪ್ಪನ ಬೆರಳು ಹಿಡಿದು ಝರಿ ಇರುವಲ್ಲಿ ಒತ್ತಿದ. ಬೆರಳು ರೊಟ್ಟಿಯ ಆಚೆ ಬಿತ್ತು.

"ಕಲ್ಲಿನಿಂದ ಗೆರಿ ಹೊಡದ್ರ ಝರಿ ಗುತ್ತಿಗಿ ಕಡೆ ಹೋಗ್ತದ. ಅರವತ್ತು ಅಡಿ ಒಳಗ."

"ಆಗಂಗಿಲ್ಲ," ಎಂದ ಭೀಮಶಾ.

"ನಕಾಶಿಯೊಳಗ ಕಲ್ಲಿನಿಂದ ಹಳ್ಳದ ತಿರುವಿನ ಅಳತಿನೂ ಅದ, ಅದು ಈ ಕಲ್ಲಿಗಿ ಕೂಡವಲ್ದು. ನಾನೂ ಕೇಳಿದೆ. ಹಳ್ಳ ದಾರಿ ಬದಲಸ್ತದ ತಮ್ಮಾ, ಕಲ್ಲು ಬದಲಸಂಗಿಲ್ಲ, ಕಲ್ಲೇ ಖರೆ ಅಂದ್ರು ಸರ್ವೇಯರ್ ಸಾಹೇಬ್ರು."

ಭೀಮಶಾ ಆ ಚೂರನ್ನು ಬೆರಳಿನಿಂದ ಮುಟ್ಟುತ್ತ ಕೂತ. ತನ್ನಪ್ಪ ಮಣ್ಣು ಹೊತ್ತು ನಡೆದಾಗ ಝರಿ ಎಡಕ್ಕೆ, ಊರ ಕಡೆಗೆ ಬಂದಿತ್ತು. ತಾನು ಹತ್ತು ವರ್ಷದವನು, ಅಪ್ಪನ ಹಿಂದೆಯೇ ನಡೆದಿದ್ದ. ಈಗ ಝರಿ ಬಲಕ್ಕೆ, ಗುತ್ತಿಗೆಯ ಕಡೆಗೆ ಬರುತ್ತದೆ ಎನ್ನುತ್ತಾರೆ. ಹಾಗಾದರೆ ಅಪ್ಪ ಸುಳ್ಳು ನಡೆದನೇ? ಇಲ್ಲ ತನಗೆ ಅರುಳು ಮರುಳೇ ಎಂದು ಬಾಯಿಬಿಟ್ಟು ಕೇಳಿಕೊಂಡ. ಕೊನೆಗೆ ಅವನು ಮೆಲ್ಲಗೆ ಹೇಳಿದ: "ಇಪ್ಪತ್ತೆರಡಕ್ಕ ಹೋಗ್ತೀನಿ. ನನಗ ಗೊತ್ತಿಲ್ಲ ಅಂತ ಹೇಳಿ ಬರ್ತೀನಿ. ಇನ್ನ ಮ್ಯಾಲ ಆ ಕಲ್ಲಿನ ತಂಟೆ ನಮ್ಮ ಮನಿಗಿ ಬ್ಯಾಡ."

ಮಗ ಇಷ್ಟು ದಿನ ಕೇಳಿದ್ದು ಇದನ್ನೇ. ಆದರೂ ಅವನು ತಲೆ ತಗ್ಗಿಸಿದ.

ಬಂಡೆಮ್ಮ ಕೈ ತೊಳೆದಳು. ಸೆರಗಿನಿಂದ ಒರೆಸಿಕೊಂಡು ಗಂಡನ ಕಡೆ ತಿರುಗಿದಳು. "ನಿಮ್ಮಪ್ಪ ಸುಳ್ಳು ನಡದಿಲ್ಲ," ಎಂದಳು. "ಕಲ್ಲು ನಾ ಸರಿಸೀನಿ."

ಇಪ್ಪತ್ತು ವರ್ಷದ ಹಿಂದಿನ ಮಾತು. ಭೀಮಶಾ ಆಗ ಮುಂಬಯಿಯಲ್ಲಿ ಕಟ್ಟಡದ ಕೆಲಸಕ್ಕಿದ್ದ, ನಾಲ್ಕು ವರ್ಷ. ಮರಡಿಯ ಮೇಲೆ ನೀರು ತಡೆಯಲೆಂದು ಸರ್ಕಾರದ ಯೋಜನೆಯಲ್ಲಿ ಕಾಲುವೆ ತೋಡಿ ಬದು ಹಾಕುವಾಗ ಡೋಜರು ತಾಗಿ ಕಲ್ಲು ಉರುಳಿತು. ಡ್ರೈವರು ಅದನ್ನು ಹಾಗೇ ಬಿಟ್ಟು, ಗುಂಡಿಯ ಒಂದು ಮಗ್ಗುಲಿಗೆ ಬದುವಿನ ಮಣ್ಣು ಸುರಿದು ಹೋದ. ಮರುದಿನ ಹುಲ್ಲಿಗೆ ಹೋದ ಬಂಡೆಮ್ಮ ಕಂಡಳು. ಕಾಯುವ ಮನೆಯವರು ಊರು ಬಿಟ್ಟಾಗ ಕಲ್ಲು ಬಿತ್ತು ಎಂದು ಮೂರೂರವರು ಆಡಿಕೊಳ್ಳುತ್ತಾರೆಂದು ಹೆದರಿ, ತನ್ನ ತಮ್ಮ ಸಾಯಬಣ್ಣನನ್ನು ಕರೆದಳು. ಇಬ್ಬರೂ ಒಂದು ಜೋಡಿ ಎತ್ತು ಕಟ್ಟಿ ಎಳೆದು, ಬದುವಿನ ಈಚೆ ಗಟ್ಟಿ ನೆಲ ಸಿಕ್ಕಲ್ಲಿ ನಿಲ್ಲಿಸಿದರು. ಒಳ್ಳೆಯದೇ ಮಾಡಿದೆ ಎಂದುಕೊಂಡಿದ್ದಳು. ಕಲ್ಲು ಬೀಳಬಾರದು ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಎಲ್ಲಿ ನಿಂತಿದೆ ಎಂಬುದು ಅಷ್ಟು ದೊಡ್ಡದು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಸಾಯಬಣ್ಣ ತೀರಿಕೊಂಡು ಆರು ವರ್ಷ.

"ಮುಂಬಯಿಂದ ಬಂದಾಗ ಕೇಳಿದ್ದೆ," ಎಂದ ಭೀಮಶಾ. "ಕಲ್ಲು ಯಾಕೋ ಬ್ಯಾರೆ ಕಡೆ ಅನಸ್ತದ ಅಂದೆ. ನೀ ಏನಂದಿ?"

ಬಂಡೆಮ್ಮನಿಗೆ ನೆನಪಿತ್ತು. "ನಾಕು ವರ್ಷ ಸಮುದ್ರ ನೋಡಿದ ಕಣ್ಣಿಗಿ ಮರಡಿ ಸಣ್ಣದು ಕಾಣಸ್ತದ ಅಂದೆ."

"ನಾ ನಕ್ಕೆ," ಎಂದ ಭೀಮಶಾ. ತಟ್ಟೆ ಸರಿಸಿ ಗೋಡೆ ಹಿಡಿದು ಎದ್ದ.

ಮೂರು ದಿನ ಅವನು ಹೆಂಡತಿಯೊಂದಿಗೆ ಮಾತಾಡಲಿಲ್ಲ. ಹನಿ ಹಾಕಲು ಅವಳು ಹತ್ತಿರ ಬಂದರೆ ಸೊಸೆ ಬರಲಿ ಎನ್ನುತ್ತಿದ್ದ. ಊಟಕ್ಕೆ ಅವಳು ಕರೆದರೆ ಕೇಳಿಸದವನಂತೆ ಇದ್ದು, ಸೊಸೆ ಕರೆದಾಗ ಏಳುತ್ತಿದ್ದ. ಬಂಡೆಮ್ಮನ ಪ್ರಕಾರ ಇದು ಕಡಿಮೆಯೇ ಆಯಿತು.

ಆ ಮೂರು ದಿನ ಜಗಳವಾಡಿದವನು ಗೌತಮ. ಸೀಮೆ ಕಲ್ಲು ಸರಿಸುವುದು ಕಾನೂನಿನಲ್ಲಿ ಅಪರಾಧ. ಅವ್ವ ಸರ್ವೇಯರ ಮುಂದೆ ಬಾಯಿ ಬಿಟ್ಟರೆ ಮೊದಲು ಅವಳ ಮೇಲೆಯೇ ಕೇಸು. ಈ ವಯಸ್ಸಿನಲ್ಲಿ ಕಚೇರಿ, ಕೋರ್ಟು ಎಂದು ತಿರುಗಿಸಬೇಕೇ? ಇಷ್ಟಾಗಿ ಅವಳ ಮಾತಿಗೆ ಸಾಕ್ಷಿಯೇನು? ಮೌನೇಶನ ಕಡೆಯವರು ಕಥೆ ಕಟ್ಟಿದ್ದಾಳೆ ಎನ್ನುತ್ತಾರೆ.

"ಮೂರೂರ ದನಗೋಳ ನೀರಿನ ಸಲುವಾಗಿ ನಮ್ಮವ್ವ ಅಪರಾಧಿ ಆಗಬೇಕೇನು?" ಎಂದು ಅವನು ಹೆಂಡತಿಯನ್ನು ಕೇಳಿದ.

ಸಂಘಮಿತ್ರಾ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. "ಅತ್ತಿನ್ನ ಕೇಳ್ರಿ. ತಪ್ಪು ಅವರದು, ನಾವು ಯಾಕ ಮುಚ್ಚಿಡೋದು?" ಎಂದಳು. ಗಂಡನಿಗೆ ಅದು ಕಠಿಣವೆನಿಸಿತು. ಬಂಡೆಮ್ಮನಿಗೆ ಅನಿಸಲಿಲ್ಲ.

ಬುಧವಾರ ಬೆಳಿಗ್ಗೆ ಅವಳು ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಭೀಮಶಾ ಮೆಟ್ಟಿಲನ್ನು ಕಾಲಿನಿಂದ ತಡವುತ್ತ ಹತ್ತಿ ಬಂದ. ಅವಳು ಕೈ ಕೊಡಲು ಎದ್ದಳು, ಅವನು ಹಿಡಿಯಲಿಲ್ಲ. ಅಲ್ಲೇ ನಿಂತು ಕೇಳಿದ.

"ಕಲ್ಲು ಬಿದ್ದ ಗುಂಡಿ ನೋಡಿದ್ದೇನು ನೀ?"

"ನೋಡಿದ್ದೆ. ಒಂದು ಮಗ್ಗುಲು ಮಣ್ಣು ಬಿದ್ದಿತ್ತು, ಒಂದು ಮಗ್ಗುಲು ತೆರದಿತ್ತು."

"ಬುಡ ಕರ್ರಗಿತ್ತೇನು?"

ಅವಳು ನೆನಪಿಸಿಕೊಂಡಳು. "ಕರ್ರಗಿತ್ತು. ಇದ್ದಿಲು. ಯಾರೋ ಒಲಿ ಹೂಡಿರಬೇಕು ಅಂದಿದ್ದ ಸಾಯಬಣ್ಣ."

ಭೀಮಶಾ ಮಾಳಿಗೆಯ ಕಟ್ಟೆಯ ಮೇಲೆ ಕೂತ. ಸೀಮೆ ಕಲ್ಲು ನಿಲ್ಲಿಸುವ ಮೊದಲು ಗುಂಡಿಗೆ ಒಂದು ಬುಟ್ಟಿ ಇದ್ದಿಲು, ಒಡೆದ ಗಡಿಗೆಯ ಚೂರು ಹಾಕುತ್ತಾರೆ. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಕಲ್ಲನ್ನು ಕಳ್ಳರು ಒಯ್ದರೂ ಜಾಗ ಉಳಿಯಲಿ ಎಂದು. ಈ ಮಾತನ್ನು ಅಪ್ಪ ಮಗನಿಗೆ ಹೇಳುತ್ತಾನೆ, ಬೇರೆ ಯಾರಿಗೂ ಅಲ್ಲ. ಹೆಂಡತಿಗೂ ಅಲ್ಲ. ಗೌತಮ ಕೇಳಲು ಮನಸ್ಸು ಮಾಡದ್ದರಿಂದ ಅವನಿಗೂ ಹೇಳಿರಲಿಲ್ಲ.

"ನಿನಗ ಹೇಳಿದ್ರ ಅವತ್ತೇ ಅದನ್ನ ಅಲ್ಲೇ ನಿಲ್ಲಸ್ತಿದ್ದಿ," ಎಂದ. ಆಮೇಲೆ ಕೇಳಿದ: "ಬದುವಿನ ಕೆಳಗ ಎಲ್ಲಿ ಅಂತ ತೋರಸ್ತೀಯೇನು? ಬದು ಎರಡು ಫರ್ಲಾಂಗ್ ಅದ."

"ಕೊಡ ಹೊತ್ರ ತೋರಸ್ತೀನಿ," ಎಂದಳು ಬಂಡೆಮ್ಮ.

ಮದುವೆಯಾಗಿ ಬಂದ ವರ್ಷ ಅವಳಿಗೆ ಹದಿನಾರು. ಸುಣ್ಣ ಕಲಸಲು ನೀರು ಹೊರುವುದು ಹೆಂಗಸರ ಪಾಲಿಗಿತ್ತು. ಭಾರ ಮರೆಯಲೆಂದು ಹೆಜ್ಜೆ ಎಣಿಸುತ್ತಿದ್ದಳು. ಝರಿಯಿಂದ ಕಲ್ಲಿಗೆ ನೂರಾ ಇಪ್ಪತ್ತಾರು ಹೆಜ್ಜೆ. ಖಾಲಿ ಕೈಯಲ್ಲಿ ನಡೆದರೆ ಹೆಜ್ಜೆ ಉದ್ದ ಬೀಳುತ್ತದೆ, ಆ ಲೆಕ್ಕ ಬರುವುದಿಲ್ಲ. ಭಾರ ರೂಢಿಯಾದ ಮೇಲೆ ಎಣಿಸುವುದನ್ನು ಬಿಟ್ಟಿದ್ದಳು. ಆದರೆ ಆ ಸಂಖ್ಯೆ ಉಳಿದಿತ್ತು.

ಇಪ್ಪತ್ತೆರಡಕ್ಕೆ ಸಂಘಮಿತ್ರಾ ರಜೆ ಹಾಕಿದಳು. ಗೌತಮನೂ ಹಾಕಿದ. ಜಗಳ ತೀರಿಸಿಕೊಂಡು ಅಲ್ಲ, ಅವ್ವನ ಮೇಲೆ ಕೇಸಾದರೆ ತಾನಿರಬೇಕೆಂದು. ಮರಡಿಯ ಮೇಲೆ ಇಮಾಮುದ್ದೀನ್ ಯಂತ್ರ ನಿಲ್ಲಿಸಿದ್ದರು. ಮೂರೂರ ಹತ್ತಿಪ್ಪತ್ತು ಜನ, ಕಂದಾಯದವರು, ಮೌನೇಶ ಇದ್ದರು. ಬಂಡೆಮ್ಮ ಕಲ್ಲು ಸರಿಸಿದ್ದನ್ನೂ ಗುಂಡಿಯ ಇದ್ದಿಲನ್ನೂ ಎಲ್ಲರ ಮುಂದೆ ಹೇಳಿದಳು. ಎರಡು ಸಲ ಹೇಳಬೇಕಾಯಿತು, ಮೊದಲ ಸಲ ಯಾರೂ ನಂಬಲಿಲ್ಲ.

"ಸಾಹೇಬ್ರ, ಇವತ್ತು ಈಯವ್ವ ಹೇಳ್ತಾಳ, ನಾಳಿ ಇನ್ನೊಬ್ಬಾಕಿ ಬರ್ತಾಳ," ಎಂದ ಮೌನೇಶ.

ಇಮಾಮುದ್ದೀನ್ ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ಹಳ್ಳದ ಅಳತೆ ಕೂಡದಿದ್ದುದು ಅವರನ್ನು ಒಳಗೊಳಗೆ ಕೊರೆಯುತ್ತಿತ್ತು. "ಅಗದು ನೋಡೋಣ್ರಿ. ಇದ್ದಿಲು ಸಿಗಲಿಲ್ಲಂದ್ರ ಈ ಕಲ್ಲೇ ಖಾಯಂ," ಎಂದರು. ಭೀಮಶಾ ಒಪ್ಪಿದ. ಅಲ್ಲಿಗೆ ಎಲ್ಲವೂ ಆ ಕೊಡದ ಮೇಲೆ ಬಂತು.

ಬಂಡೆಮ್ಮ ಝರಿಗೆ ಇಳಿದಳು. ಕಲ್ಲಿನ ಮೆಟ್ಟಿಲ ಮೇಲೆ ನಿಂತು ಕೊಡ ತುಂಬಿದಳು, ಸಿಂಬಿಯ ಮೇಲೆ ಇಟ್ಟುಕೊಂಡು ಎಣಿಸುತ್ತ ಹತ್ತಿದಳು. ವಯಸ್ಸು ಅರವತ್ತನಾಲ್ಕು. ಒಂದು ಕಡೆ ನಿಂತು ಉಸಿರು ತೆಗೆದುಕೊಂಡಳು, ಎಣಿಕೆ ಬಿಡಲಿಲ್ಲ. ನೂರಾ ಇಪ್ಪತ್ತಾರು ಮುಗಿದಾಗ ಅವಳು ಬದು ದಾಟಿ ಆಚೆ ಮೂವತ್ತು ಹೆಜ್ಜೆ ಹೋಗಿದ್ದಳು. ಎಣಿಕೆ ನಿಂತಲ್ಲೇ ಅಗೆಯಬೇಕೆಂದು ಮಾತಾಗಿದ್ದರಿಂದ ಆಳುಗಳು ಅಲ್ಲಿ ಅಗೆದರು. ಮೂರು ಅಡಿ ಹೋದರೂ ಕೆಂಪು ಮುರುಮವೇ. ಯಾರೂ ಎಂದೂ ಮುಟ್ಟದ ನೆಲ.

ಮೌನೇಶ ಗಡಿಯಾರ ನೋಡಿದ. ಇಮಾಮುದ್ದೀನ್ ಪೆನ್ನು ತೆಗೆದರು. ಬಂಡೆಮ್ಮ ಕೊಡ ಇಳಿಸದೆ ನಿಂತಿದ್ದಳು. ಬದು ಇತ್ತ ಇದೆ, ಗುಂಡಿ ಬದುವಿನ ಕೆಳಗೆ ಎಂಬುದು ತನಗೇ ಗೊತ್ತು. ಲೆಕ್ಕವೂ ತಪ್ಪಿಲ್ಲ. ಹಾಗಾದರೆ?

ಭೀಮಶಾ ಸೊಸೆಯ ಕೈ ಹಿಡಿದು ಹತ್ತಿರ ಬಂದ. "ಬಂಡೆವ್ವಾ, ಎಲ್ಲಿ ತುಂಬಿದಿ?"

"ಝರಿಯಾಗ."

"ನಮ್ಮವ್ವ ನಿನಗ ಎಲ್ಲಿ ತುಂಬಸ್ತಿದ್ಲು?"

ಅವಳು ತಿರುಗಿ ಕೆಳಗೆ ನೋಡಿದಳು. ನಲವತ್ತು ವರ್ಷದಿಂದ ಮೆಟ್ಟಿಲ ಮೇಲೆ ನಿಂತು ತುಂಬುತ್ತಿದ್ದಳು. ಕೇರಿಯ ಹುಡುಗರು ಹೊಡೆದಾಡಿ ಆ ಮೆಟ್ಟಿಲನ್ನು ಗೆದ್ದುಕೊಟ್ಟಿದ್ದರು. ಅದಕ್ಕೂ ಮುಂಚೆ ಇದ್ದ ಜಾಗ ಅವಳಿಗೆ ಮರೆತೇ ಹೋಗಿತ್ತು. ಝರಿಯಿಂದ ಹರಿದು, ದನಗಳು ಕುಡಿಯುವ ಹೊಂಡ ದಾಟಿ, ನೀರು ಬಂಡೆಯ ಸಂದಿನಿಂದ ಹೊರಬೀಳುವ ಕಡೆ. ನಿಮ್ಮದು ಅಲ್ಲಿ ಎಂದು ಊರವರು ತೋರಿಸಿದ್ದ ಕಡೆ.

ಅವಳು ಕೊಡದ ನೀರನ್ನು ಚೆಲ್ಲಿ ಮತ್ತೆ ಇಳಿದಳು. ಹೊಂಡ ದಾಟಿ, ಬಗ್ಗಿ, ಬಂಡೆಯ ಸಂದಿಗೆ ಕೊಡ ಒಡ್ಡಿದಳು. ತುಂಬಲು ಬಹಳ ಹೊತ್ತು ಹಿಡಿಯಿತು. ಗೌತಮ ಮುಖ ತಿರುಗಿಸಿ ನಿಂತ. ಅವ್ವ ಅಲ್ಲಿ ಬಗ್ಗಿದ್ದನ್ನು ಅವನು ಎಂದೂ ನೋಡಿರಲಿಲ್ಲ.

ನೂರಾ ಇಪ್ಪತ್ತಾರನೆಯ ಹೆಜ್ಜೆ ಬದುವಿನ ಬುಡಕ್ಕೆ ಬಿತ್ತು. ಆಗಿನ ಹೆಜ್ಜೆ ವಯಸ್ಸಿನ ಹುಡುಗಿಯದು, ಸ್ವಲ್ಪ ಉದ್ದ, ಒಂದು ಮಾರು ಮುಂದೆ ಅಗೆಯಿರಿ ಎಂದ ಭೀಮಶಾ. ಬದು ಒಡೆದರು. ಎರಡು ಅಡಿಗೆ ಹಾರೆಯ ತುದಿ ಕಪ್ಪಾಗಿ ಬಂತು. ಇದ್ದಿಲು, ಅದರ ಕೆಳಗೆ ಗಡಿಗೆಯ ಚೂರು. ಭೀಮಶಾ ಬಗ್ಗುವಂತಿರಲಿಲ್ಲ. ಸಂಘಮಿತ್ರಾ ಒಂದು ತುಂಡು ಎತ್ತಿ ಅವನ ಅಂಗೈಗೆ ಇಟ್ಟಳು. ಅವನು ಅದನ್ನು ಹೆಬ್ಬೆರಳಿನಿಂದ ಉಜ್ಜಿ ಹೆಂಡತಿಯ ಕೈಗೆ ಕೊಟ್ಟ. ಇಮಾಮುದ್ದೀನ್ ಗುಂಡಿಯಿಂದ ಹಳ್ಳದ ತಿರುವಿಗೆ ಅಳೆದರು. ಟಿಪ್ಪಣಿಗೂ ಇದಕ್ಕೂ ಬರೀ ಒಂದೂವರೆ ಅಡಿ ವ್ಯತ್ಯಾಸ. ಹಳ್ಳ ಎಲ್ಲಿಗೂ ಹೋಗಿರಲಿಲ್ಲ, ಝರಿಯೂ ಊರ ಕಡೆಗೇ ಬಂತು.

ಮಹಜರು ಬರೆಯುವಾಗ ಇಮಾಮುದ್ದೀನ್ ದನಿ ತಗ್ಗಿಸಿದರು. ಕಲ್ಲು ಸರಿಸಿದವರ ಹೆಸರು ಬರೆಯಲೇಬೇಕು, ಮೇಲಿನಿಂದ ನೋಟೀಸು ಬರಬಹುದು, ದಂಡವೂ ಬೀಳಬಹುದು. ಗಂಡನಿಗೆ ತಿಳಿಯದೆ ಹೆಂಡತಿ ಮಾಡಿದ್ದು ಎಂದು ಬರೆದರೆ ಭೀಮಶಾನಿಗೆ ತೊಂದರೆಯಿಲ್ಲ.

"ಇಪ್ಪತ್ತು ವರ್ಷ ಸುಣ್ಣ ಹಚ್ಚಿದಾಂವ ನಾನು," ಎಂದ ಭೀಮಶಾ. "ಕಾಯಾಂವಗ ತಿಳೀಲಿಲ್ಲ ಅಂದ್ರ ಅದೂ ತಪ್ಪೇ. ಇಬ್ಬರದೂ ಬರೀರಿ."

"ಸೀಮಿ ತೋರಿಸಿದವರು ಅನ್ನೋ ಕಡೆ?" ಎಂದು ಕೇಳಿದ ಗೌತಮ.

"ಭೀಮಶಾ ಅಂತ ಮೊದ್ಲೇ ಟೈಪ್ ಆಗ್ಯದ."

"ಅದನ್ನ ಹೊಡದ್ಹಾಕ್ರಿ. ಬಂಡೆಮ್ಮ ಅಂತ ಬರೀರಿ."

ಬಂಡೆಮ್ಮ ಎರಡು ಕಡೆ ಸಹಿ ಮಾಡಿದಳು, ಕಲ್ಲು ಸರಿಸಿದವಳೆಂದು ಒಂದು, ತೋರಿಸಿದವಳೆಂದು ಒಂದು. ಗುತ್ತಿಗೆಯ ಆದೇಶಕ್ಕೆ ಇನ್ನೂ ಸಮಯವಿತ್ತು. ಮೌನೇಶನ ಕಡೆಯವರು ಮೇಲ್ಮನವಿಗೆ ಹೋಗುತ್ತಾರೆಂದು ಅಲ್ಲೇ ಮಾತಾಯಿತು. ಜೀಪು ಹೊರಟಿತು, ಜನ ಕರಗಿದರು. ಸಂಘಮಿತ್ರಾ ಮಾವನನ್ನು ನೆರಳಿಗೆ ಕೂಡಿಸಿ ಹನಿ ಹಾಕುತ್ತಿದ್ದಳು.

ಗೌತಮ ಕೊಡ ಎತ್ತಿಕೊಂಡ. ಆಫೀಸಿನ ಬೂಟಿನಲ್ಲೇ ಝರಿಯವರೆಗೆ ಇಳಿದು, ಅಲ್ಲಿಂದ ಗುಂಡಿಯವರೆಗೆ ನಡೆದು ಬಂದ. ತುಟಿ ಅಲ್ಲಾಡುತ್ತಿದ್ದವು.

"ಅರವತ್ತೆಂಟು ಅವ್ವಾ."

ಬಂಡೆಮ್ಮ ಕೊಡದೊಳಗೆ ಇಣುಕಿದಳು. "ಖಾಲಿ ಕೊಡ ಲೆಕ್ಕಕ್ಕ ಬರಂಗಿಲ್ಲ. ತುಂಬ್ಕೊಂಡು ಬಾ."

ಅವನು ಎರಡು ಹೆಜ್ಜೆ ಇಳಿದು ನಿಂತ. "ಎಲ್ಲಿಂದ ತುಂಬ್ಲಿ?"

"ಮ್ಯಾಲಿನ ಮೆಟ್ಟಿಲಿಂದ ತುಂಬು," ಎಂದಳು. "ಹೊಸಾ ಲೆಕ್ಕ ಹಿಡಿ."